ಒಂದು ಕಿವಿ ಮಿಷನ್ನಿಗೆ

ಆಂಜಿನಪ್ಪನಿಗೆ ಹತ್ತು ಬೆರಳೂ ಇವೆ. ಇದೂ ಒಂದು ಹೇಳಿಕೊಳ್ಳುವ ಸಂಗತಿಯೇ ಎಂದು ಕೇಳುವವರು ಪೀಣ್ಯದ ಪ್ರೆಸ್ ಶೆಡ್ಡುಗಳ ಕಡೆಗೆ ತಲೆ ಹಾಕಿ ಕೂಡ ಮಲಗಿದವರಲ್ಲ. ತಗಡನ್ನು ಕತ್ತರಿಸಿ, ಬಗ್ಗಿಸಿ, ತೂತು ಹೊಡೆಯುವ ಪವರ್ ಪ್ರೆಸ್ಸಿನ ಮುಂದೆ ಮೀಸೆ ಮೂಡುವ ವಯಸ್ಸಿನಲ್ಲಿ ನಿಂತವನು, ಮೀಸೆ ನರೆತ ಮೇಲೂ ಬೆರಳುಗಳನ್ನು ಪೂರ್ತಿಯಾಗಿ ಮನೆಗೆ ತರುತ್ತಿದ್ದಾನೆಂದರೆ ಅಲ್ಲಿ ಅದೊಂದು ಪದವಿ. ಶೆಡ್ಡಿಗೆ ಹೊಸದಾಗಿ ಸೇರಿದವರು ಹಳಬರ ಮುಖ ನೋಡುವ ಮುಂಚೆ ಕೈ ನೋಡುತ್ತಾರೆ. ಆಂಜಿನಪ್ಪನ ಕೈ ನೋಡಿದವರು ‘ಅಣ್ಣ, ನೀವು ಆಫೀಸಿನೋರಾ?’ ಎಂದು ಕೇಳಿದ್ದೂ ಉಂಟು.

ಪ್ರೆಸ್ಸು ಅಂದರೆ ಇಷ್ಟೇ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ನಡುವೆ ತಗಡಿಟ್ಟು ಪೆಡಲು ತುಳಿದರೆ ಮೇಲಿನದು ಬಂದು ಬಡಿದು ಹೋಗುತ್ತದೆ. ಕೈ ಹಾಕಿ ತಗಡು ತೆಗೆಯಬೇಕು, ಹೊಸದನ್ನಿಡಬೇಕು, ಮತ್ತೆ ತುಳಿಯಬೇಕು. ಆದರೆ ಹಳೇ ಮಿಷನ್ನುಗಳಿಗೆ ಒಂದು ಕೆಟ್ಟ ಬುದ್ಧಿ. ಯಾವಾಗಲೋ ಒಮ್ಮೆ, ತುಳಿಯದೇ ಇದ್ದರೂ, ಕೈ ಒಳಗಿರುವಾಗಲೇ, ಮೇಲಿನ ಅಚ್ಚು ತಾನಾಗಿ ಇನ್ನೊಂದು ಸಲ ಇಳಿದುಬಿಡುತ್ತದೆ. ಹಾಗೆ ಇಳಿಯುವ ಮುಂಚೆ ಬಲಗಡೆಯ ಕ್ಲಚ್ಚಿನೊಳಗೆ ಒಂದು ಸಣ್ಣ ಸದ್ದಾಗುತ್ತದೆ, ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ. ಅದು ಕೇಳಿಸಿದವನ ಕೈ ಉಳಿಯಿತು. ಕೇಳಿಸದವನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಬೇಕು.

ಕಂಪನಿಯವರು ಕಿವಿಗೆ ತುರುಕಿಕೊಳ್ಳಲು ದಾರ ಕಟ್ಟಿದ ಬಿರಡೆಗಳನ್ನು ಕೊಡುತ್ತಾರೆ. ಕೊಡಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆದರೆ ಆಂಜಿನಪ್ಪ ಸೇರಿದ ಹೊಸದರಲ್ಲಿ ಅವನಿಗೆ ಕೆಲಸ ಕಲಿಸಿದ ದಾಸಪ್ಪ, ಎರಡೂ ಕಿವಿಗೆ ಬಿರಡೆ ಹಾಕಿಕೊಂಡು ನಿಂತಿದ್ದ ಶಿಷ್ಯನನ್ನು ನೋಡಿ, ಬಲಗಿವಿಯದನ್ನು ಕಿತ್ತು ಎದೆಯ ಮೇಲೆ ಬಿಟ್ಟಿದ್ದರು. “ಎರಡೂ ಮುಚ್ಕಂಡ್ರೆ ಮಿಷನ್ನು ಮಾತಾಡಿದ್ದು ಎಂಗ್ಲಾ ಕೇಳಿಸ್ತದೆ? ಒಂದು ಕಿವಿ ನಿನಗೆ ಇಟ್ಕೋ. ಒಂದು ಕಿವಿ ಮಿಷನ್ನಿಗೆ ಬುಡು.” ಶೆಡ್ಡಿನವರೆಲ್ಲ ಪಾಲಿಸುತ್ತಿದ್ದ ವೇದ ಅದು. ಸೇಫ್ಟಿ ಆಫೀಸರು ರೌಂಡಿಗೆ ಬಂದಾಗ ಎಲ್ಲರ ಎರಡೂ ಕಿವಿಯಲ್ಲಿ ಬಿರಡೆ. ಅವರು ಬೆನ್ನು ತಿರುಗಿಸಿದ ಕೂಡಲೇ ಎಲ್ಲರ ಬಲಗಿವಿಯೂ ಖಾಲಿ. ದಾಸಪ್ಪನವರ ಮಾತು ಸುಳ್ಳಾಗಲಿಲ್ಲ. ಆ ಸಣ್ಣ ಸದ್ದು ಆಂಜಿನಪ್ಪನಿಗೆ ಮೂರು ಸಲ ಕೇಳಿಸಿದೆ, ಮೂರು ಸಲವೂ ಕೈ ಹೊರಗೆ ಬಂದಿದೆ. ಉಳಿದಂತೆ ವರ್ಷಗಟ್ಟಲೆ ಆ ಕಿವಿಗೆ ಬಿದ್ದದ್ದು ಬರೀ ಬಡಿತ.

ಇಂಥವನು ಈ ವಯಸ್ಸಿನಲ್ಲಿ ಓಡುವುದಕ್ಕೆ ಯಾಕೆ ಶುರುಮಾಡಿದ ಎಂಬುದನ್ನು ಈಗ ಹೇಳಬೇಕು. ಅವನಿಗೇನೂ ಓಡುವ ಹುಚ್ಚಿರಲಿಲ್ಲ. ನೈಟ್ ಶಿಫ್ಟ್ ಮುಗಿಸಿ ಚಿಕ್ಕಬಾಣಾವರದ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಕಣ್ಣು ಮುಚ್ಚುವ ಮನುಷ್ಯ. ಓಡುವುದು ಮಗಳು ರಾಣಿಗೆ ಬೇಕಿತ್ತು. ಡಿಗ್ರಿ ಮುಗಿಸಿ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸಕ್ಕೆ ಹೋಗುತ್ತಿದ್ದ ಅವಳು ಅರಣ್ಯ ಇಲಾಖೆಯ ಗಾರ್ಡ್ ಹುದ್ದೆಗೆ ಅರ್ಜಿ ಹಾಕಿದ್ದಳು. ಅದಕ್ಕೆ ಓಟವೂ ಉಂಟು, ಬರೆಯುವ ಪರೀಕ್ಷೆಯೂ ಉಂಟು. ಕಾಡನ್ನು ಅವಳು ಕಂಡದ್ದು ಸ್ಕೂಲಿನ ಟೂರಿನಲ್ಲಿ, ಬನ್ನೇರುಘಟ್ಟದ ಬಸ್ಸಿನ ಕಿಟಕಿಯಿಂದ. ‘ಕಾಡಲ್ಲಿ ಏನೈತೆ ಅಂತ ಓಗ್ತೀಯವ್ವ?’ ಎಂದು ಆಂಜಿನಪ್ಪ ಕೇಳಿದ್ದಕ್ಕೆ ‘ಏನೂ ಇರಲ್ಲಪ್ಪ, ಅದಕ್ಕೇ. ಮಿಷನ್ ಇರಲ್ಲ’ ಎಂದಿದ್ದಳು. ಹೊಲಿಗೆ ಮಿಷನ್ನಿನ ಸಾಲುಗಳ ನಡುವೆ ದಿನವಿಡೀ ನಿಲ್ಲುವವಳ ಮಾತದು. 

ಮೊದಮೊದಲು ಅವಳೊಬ್ಬಳೇ ಓಡುತ್ತಿದ್ದಳು, ಮನೆಯಿಂದ ಸ್ಟೇಷನ್ ರಸ್ತೆ ಹಿಡಿದು ಕೆರೆ ಏರಿಯವರೆಗೆ. ಒಂದು ಬೆಳಿಗ್ಗೆ ಹಿಂದಿನಿಂದ ಬೈಕಿನಲ್ಲಿ ಬಂದ ಇಬ್ಬರು ಅವಳ ಬೆನ್ನಿಗೆ ಬಾರಿಸಿ, ಕೇಕೆ ಹಾಕಿಕೊಂಡು ಹೋದರು. ರಾಣಿ ಅಳಲಿಲ್ಲ. ಅವಳ ತಾಯಿ ಶಶಿಕಲಾ ಇಬ್ಬರ ಪಾಲಿನದನ್ನೂ ಅತ್ತು, ನಾಳೆಯಿಂದ ಓಟ ಬಂದ್ ಎಂದುಬಿಟ್ಟಳು. ಶಶಿಕಲಾ ಬಂದ್ ಎಂದರೆ ಆ ಮನೆಯಲ್ಲಿ ಅದು ಸರ್ಕಾರಿ ಆದೇಶಕ್ಕಿಂತ ಗಟ್ಟಿ.

“ನಾನು ಹಿಂದೆ ಓಡ್ತೀನಿ,” ಎಂದಿದ್ದ ಆಂಜಿನಪ್ಪ. ಯಾಕೆ ಅಂದನೋ ಅವನಿಗೇ ಗೊತ್ತಿಲ್ಲ.

ಶಶಿಕಲಾ ಗಂಡನ ಹೊಟ್ಟೆಯನ್ನೂ ಮಂಡಿಯನ್ನೂ ಒಮ್ಮೆ ನೋಡಿ, “ನೀವು ಇಂದೆ ಇದ್ರೆ ಮಾತ್ರ. ಒಂದಿನ ನೀವು ಓಗ್ಲಿಲ್ವೋ, ಅವತ್ತಿಗೆ ಮುಗೀತು,” ಎಂದಳು.

ಹಾಗೆ ಶುರುವಾದದ್ದು. ಮಗಳು ಮುಂದೆ, ಅಪ್ಪ ಹಿಂದೆ. ಶೆಡ್ಡಿನಲ್ಲಿ ರಾತ್ರಿಯಿಡೀ ನಿಂತ ಕಾಲುಗಳು ಬೆಳಿಗ್ಗೆ ಓಡು ಅಂದರೆ ಎಲ್ಲಿ ಓಡುತ್ತವೆ? ಮೊದಲ ವಾರ ಅವನು ಓಡಿದ್ದಕ್ಕಿಂತ ಕುಂಟಿದ್ದೇ ಜಾಸ್ತಿ. ಹಾಲು ತರಲು ಹೊರಟ ಊರಿನ ಹಳಬರು ನಿಂತು ನೋಡುತ್ತಿದ್ದರು. ‘ಏನ್ ಆಂಜಿನಪ್ಪ, ಯಾರು ಅಟ್ಟಿಸ್ಕಂಡು ಬತ್ತಾ ಅವ್ರೆ?’ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಡುವಷ್ಟು ಉಸಿರೂ ಇರುತ್ತಿರಲಿಲ್ಲ. ಆದರೂ ಒಂದು ಮಾತು ನಿಜ. ಇಡೀ ದಿನದಲ್ಲಿ ಅವನ ಹತ್ತಿರ ಯಾರಾದರೂ ಕೂಗಾಡದೆ ಮಾತಾಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಕೆರೆ ಏರಿಯ ಕಲ್ಲಿನ ಮೇಲೆ ಅವನ ಎಡಕ್ಕೆ ಕೂತು ಸುಧಾರಿಸಿಕೊಳ್ಳುತ್ತ ರಾಣಿ ಏನೇನೋ ಹೇಳುತ್ತಿದ್ದಳು: ಹೊಲಿಗೆ ಲೈನಿನಲ್ಲಿ ಯಾರಿಗೋ ತಲೆ ಸುತ್ತು ಬಂದದ್ದು, ಯಾವ ಮರಕ್ಕೆ ಇಂಗ್ಲಿಷಿನಲ್ಲಿ ಯಾವ ಹೆಸರು ಎಂಬುದು. ಕೆರೆಯ ವಾಸನೆಯನ್ನು ಸಹಿಸಿಕೊಂಡರೆ ಅದು ಸುಖದ ಹೊತ್ತು. ಅದಕ್ಕಾಗಿ ಅವನು ನಿದ್ದೆಯನ್ನು ಬಿಟ್ಟುಕೊಟ್ಟ, ಮಂಡಿನೋವನ್ನು ನುಂಗಿಕೊಂಡ.

ಕಾವಲಿನ ಕೆಲಸವನ್ನೂ ಅವನು ನಿಷ್ಠೆಯಿಂದಲೇ ಮಾಡುತ್ತಿದ್ದ. ತಪ್ಪಿದ್ದು ಒಂದೇ ಸಲ. ಹಾಲಿನ ವ್ಯಾನೊಂದು ಹಿಂದಿನಿಂದ ಬಂದು ಅವನ ತೋಳಿಗೆ ಗಾಳಿ ತಾಕುವಷ್ಟು ಹತ್ತಿರದಲ್ಲಿ ನುಗ್ಗಿ, ಮುಂದೆ ಓಡುತ್ತಿದ್ದ ರಾಣಿಯ ಮೊಣಕೈ ಸವರಿಕೊಂಡು ಹೋಗಿತ್ತು. ‘ಆರ್ನ್ ಹೊಡೆಯೋಕೇನು ನಿಮ್ಮಪ್ಪನ ಗಂಟು ಓಗ್ತದಾ!’ ಎಂದು ಆಂಜಿನಪ್ಪ ವ್ಯಾನಿನ ಹಿಂದೆ ಕಿರುಚಿದ್ದ. ರಾಣಿ ಏನೋ ಹೇಳಲು ಹೊರಟವಳು, ಅಪ್ಪ ನಡುಗುತ್ತಿರುವುದನ್ನು ನೋಡಿ ಸುಮ್ಮನಾಗಿದ್ದಳು.

ಹೆಡ್‌ಫೋನಿನ ಮಾತು ಎದ್ದದ್ದು ಪರೀಕ್ಷೆ ಹತ್ತಿರವಾದಾಗ. ಗಾರ್ಮೆಂಟ್ಸಿನಿಂದ ಬಂದರೆ ರಾಣಿಗೆ ಪುಸ್ತಕ ಹಿಡಿಯುವ ತ್ರಾಣ ಇರುತ್ತಿರಲಿಲ್ಲ. ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದಳು. ಓಡುವಾಗಲೇ ಫೋನಿನಲ್ಲಿ ಪಾಠ ಕೇಳಿಬಿಟ್ಟರೆ ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಅವಳ ಲೆಕ್ಕ. ಫೋನನ್ನು ಜೋರಾಗಿಟ್ಟು ಕೈಯಲ್ಲಿ ಹಿಡಿದು ಓಡಿ ನೋಡಿದಳು. ಮೇಷ್ಟ್ರು ಹೇಳಿದ್ದರಲ್ಲಿ ಅರ್ಧವನ್ನು ಲಾರಿಗಳು ತಿಂದವು.

“ಕಿವಿಗೆ ಹಾಕ್ಕೊಳ್ಳೋದು ಒಂದು ಬೇಕಮ್ಮ,” ಎಂದಳು.

ಶಶಿಕಲಾ ಸೌಟು ಹಿಡಿದೇ ಬಂದಳು. “ಕಿವಿ ಮುಚ್ಕಂಡು ರೋಡಲ್ಲಿ ಓಡ್ತೀಯಾ? ಇಂದಿಂದ ಬರೋನು ಯಾವನು ಅಂತ ಎಂಗೆ ಗೊತ್ತಾಯ್ತದೆ ನಿಂಗೆ? ಒಂದು ಸಲ ಬೆನ್ನಿಗೆ ಬಿದ್ದಿದ್ದು ಸಾಲ್ದಾ?”

“ನಾನಿಲ್ವೇನೇ ಇಂದೆ?” ಎಂದ ಆಂಜಿನಪ್ಪ. “ಅವಳು ಪಾಠ ಕೇಳ್ಲಿ. ರೋಡು ನಾನು ಕೇಳ್ತೀನಿ. ಒಂದು ಇರುವೆ ಬಂದ್ರೂ ಯೋಳ್ತೀನಿ.”

“ನಿಮ್ಮನ್ನು ನಂಬಿ ಬಿಡ್ತಾ ಇದೀನಿ. ಏನಾನಾ ಆದ್ರೆ ಓಟನೂ ಬೇಡ, ಪರೀಕ್ಷೆನೂ ಬೇಡ,” ಎಂದು ಶಶಿಕಲಾ ಒಳಗೆ ಹೋದಳು. ಹೋಗುತ್ತ ಇನ್ನೇನೋ ಹೇಳಿದಳು. ಅವನು ತಿರುಗದಿದ್ದುದನ್ನು ನೋಡಿ, “ನಿಮ್ಮತ್ರ ಮಾತಾಡೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ,” ಎಂದು ದನಿಯೇರಿಸಿದಳು. ಗಂಡಸರು ಬೇಕೆಂದೇ ಕಿವುಡರಾಗುತ್ತಾರೆ ಎಂಬುದು ಅವಳ ನಂಬಿಕೆ. ಅದು ಬಹುಪಾಲು ಮನೆಗಳಲ್ಲಿ ನಿಜವೂ ಆದ್ದರಿಂದ ಅವಳನ್ನು ದೂರುವ ಹಾಗಿಲ್ಲ.

ಭಾನುವಾರ ರಾಣಿಗೆ ಓವರ್‌ಟೈಮು. ಆಂಜಿನಪ್ಪ ಒಬ್ಬನೇ ಬಸ್ಸು ಹತ್ತಿ ದಾಸರಹಳ್ಳಿಯಲ್ಲಿ ಇಳಿದು, ಮೊಬೈಲು ಸಾಮಾನಿನ ಅಂಗಡಿಯೊಂದಕ್ಕೆ ಹೋದ. ಗಲ್ಲಾದಲ್ಲಿದ್ದವನು ಸಿದ್ಧಾರ್ಥ್, ಅಂಗಡಿಯ ಯಜಮಾನ. ಗಿರಾಕಿ ಬಾಯಿ ಮುಚ್ಚುವ ಮುಂಚೆ ಮಾಲು ತೆರೆಯುವ ಜಾತಿ. ಓಡುವಾಗ ಕಿವಿಗೆ ಹಾಕಿಕೊಳ್ಳುವುದು ಬೇಕು ಎಂದದ್ದೇ ತಡ, ಶುರುಮಾಡಿದ.

“ರನ್ನಿಂಗ್‌ಗಾ ಅಣ್ಣ? ರನ್ನಿಂಗ್ ಅಂದ್ರೆ ಮೊದ್ಲು ಬೆವರು ತಡೀಬೇಕು. ಆಮೇಲೆ ಬೀಳ್ಬಾರ್ದು. ಇದು ವೈರ್ ಇರೋದು, ಬೇಡ ಬಿಡಿ, ಕೈಗೆ ಸಿಗಾಕ್ಕೊಳ್ಳುತ್ತೆ. ಇದು ತಲೆ ಮೇಲೆ ಕೂರೋ ದೊಡ್ಡದು. ಸೌಂಡ್ ಸಕ್ಕತ್, ಆದ್ರೆ ಓಡಿದ್ರೆ ಕಿವಿ ಬೆಂದೋಗುತ್ತೆ. ಇದು ಕತ್ತಿಗೆ ಹಾಕ್ಕೊಳ್ಳೋ ನೆಕ್‌ಬ್ಯಾಂಡು. ಕಿವಿಯಿಂದ ಜಾರಿದ್ರೂ ಕತ್ತಲ್ಲೇ ಇರುತ್ತೆ. ಹಾಕಿ ನೋಡಿ.”

ಹಾಕಿ ನೋಡಿದ. ಎಡಗಿವಿಯಲ್ಲಿ ಹಾಡು ಬಂತು. ಬಲಗಿವಿಯಲ್ಲಿ ಏನೂ ಬರಲಿಲ್ಲ.

“ಒಂದು ಕಡೆ ಸತ್ತೋಗದೆ ಕಣಪ್ಪ.”

ಸಿದ್ಧಾರ್ಥ್ ಇನ್ನೊಂದನ್ನು ಕೊಟ್ಟ. ಅದೂ ಹಾಗೇ. ಪುಟ್ಟ ಡಬ್ಬಿಯಲ್ಲಿ ಎರಡು ಕಡಲೆಬೀಜದ ಹಾಗೆ ಕೂತಿದ್ದ ಇಯರ್‌ಬಡ್ಡುಗಳನ್ನು ತೆಗೆದು ಅವನೇ ಕಿವಿಗಿಟ್ಟ. ಅವೂ ಹಾಗೇ. ಆಂಜಿನಪ್ಪನಿಗೆ ರೇಗಿತು. ದುಡಿದ ದುಡ್ಡು ತಂದವನಿಗೆ ಕಿವಿಯ ಮೇಲೆ ಹೂ ಇಡಲು ನೋಡುತ್ತಿದ್ದಾನೆ ಎನಿಸಿತು.

“ಅಂಗಡಿ ತುಂಬಾ ಕೆಟ್ಟೋಗಿರೋ ಮಾಲೇ ಮಡೀಕೊಂಡಿದ್ದೀಯಲ್ಲಪ್ಪ!” ಎಂದ. ಶೆಡ್ಡಿನಲ್ಲಿ ಮಾತಾಡಿ ರೂಢಿಯಾದ ಗಂಟಲು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಸಿದ್ಧಾರ್ಥ್ ಜಗಳಕ್ಕೆ ನಿಲ್ಲಲಿಲ್ಲ. ಬಲಗಡೆಯ ಬಡ್ಡನ್ನು ತೆಗೆದು, ಒರೆಸಿ, ತನ್ನ ಕಿವಿಗಿಟ್ಟುಕೊಂಡ. ಅವನ ತಲೆ ಹಾಡಿಗೆ ತೂಗಿತು. ಮತ್ತೆ ಒರೆಸಿ, ಅದೇ ಬಡ್ಡನ್ನು ಈ ಸಲ ಆಂಜಿನಪ್ಪನ ಎಡಗಿವಿಗಿಟ್ಟ. ಹಾಡು ಖಣಖಣ ಎಂದು ಕೇಳಿಸಿತು, ತಬಲ, ಕೊಳಲು, ಎಲ್ಲ. ಬಲಕ್ಕಿಟ್ಟ. ಹಾಡು ನಿಂತುಹೋಯಿತು.

ಸಿದ್ಧಾರ್ಥ್ ಬಡ್ಡುಗಳನ್ನು ತೆಗೆದು ಡಬ್ಬಿಗೆ ಹಾಕಿದ.

“ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಬಿಡಿ ಅಣ್ಣ,” ಎಂದ ಸಿದ್ಧಾರ್ಥ್ ಮೆಲ್ಲಗೆ. ಎಡಗಡೆ ನಿಂತು ಹೇಳಿದ್ದರಿಂದ ಕೇಳಿಸಿತು.

ಆಂಜಿನಪ್ಪನ ಕಣ್ಣ ಮುಂದೆ ಆ ಹಾಲಿನ ವ್ಯಾನು ಬಂದು ನಿಂತಿತು. ರಸ್ತೆಯ ಎಡಪಕ್ಕದಲ್ಲಿ ಓಡುವವರಿಗೆ ಬಂಡಿಗಳು ಬರುವುದು ಬಲಗಡೆಯಿಂದ. ಬೈಕಿನವರು ಬಂದದ್ದೂ ಬಲಗಡೆಯಿಂದಲೇ. ಇಷ್ಟು ದಿನ ಮಗಳ ಹಿಂದೆ ಅವನು ಓಡಿದ್ದು ಸತ್ತ ಕಿವಿಯನ್ನು ರಸ್ತೆಗೆ ಕೊಟ್ಟುಕೊಂಡು. ಕಾವಲು ಕಾಯುತ್ತೇನೆಂದು ಹೋಗಿ ಹೊಲದ ಬೆದರುಬೊಂಬೆಯ ಕೆಲಸ ಮಾಡಿದ್ದ. ಅವನಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಫೋನನ್ನು ಯಾವಾಗಲೂ ಎಡಕ್ಕೇ ಹಿಡಿಯುವುದು, ಮಲಗುವಾಗ ಎಡಮಗ್ಗುಲಾದರೆ ಮನೆಯೇ ಮೌನವಾಗುವುದು, ಇವೆಲ್ಲ ಅವನಿಗೆ ಗೊತ್ತಿಲ್ಲದ್ದೇನಲ್ಲ. ಗುಗ್ಗೆ ಇರಬೇಕು, ಶೀತ ಇರಬೇಕು, ವಯಸ್ಸಾಯಿತಲ್ಲ, ಎಂದು ತಳ್ಳಿಕೊಂಡು ಬಂದಿದ್ದ.

ಸಿದ್ಧಾರ್ಥ್ ಮಾತು ಬದಲಿಸಲು ಗಾಜಿನ ಕಪಾಟಿನಿಂದ ಇನ್ನೊಂದು ನಮೂನೆ ತೆಗೆದ. “ಇದು ನೋಡಿ ಅಣ್ಣ. ಕಿವಿಯೊಳಗೆ ಹೋಗಲ್ಲ, ಕೆನ್ನೆ ಮೂಳೆ ಮೇಲೆ ಕೂರುತ್ತೆ. ಹಾಡೂ ಕೇಳುತ್ತೆ, ಹೊರಗಿನ ಸೌಂಡೂ ಕೇಳುತ್ತೆ. ರೋಡಲ್ಲಿ ಓಡೋರಿಗೆ ಇದೇ ಸೇಫು. ಇದು ಬರೀ ತೋರಿಸೋ ಪೀಸು. ಹೇಳಿದ್ರೆ ತರಿಸಿಕೊಡ್ತೀನಿ.”

ನ್ಯಾಯವಾಗಿ ನೋಡಿದರೆ ಅದನ್ನೇ ತರಿಸಬೇಕಿತ್ತು. ಆಂಜಿನಪ್ಪನಿಗೂ ಅದು ಅರ್ಥವಾಯಿತು. ಆದರೆ ಅದನ್ನು ಮನೆಗೊಯ್ದರೆ ಶಶಿಕಲಾ ಕೇಳುವ ಮೊದಲ ಪ್ರಶ್ನೆಯೇ ಬೇರೆ: ರೋಡು ನಾನು ಕೇಳ್ತೀನಿ ಅಂದಿದ್ರಲ್ಲ, ಈಗ ಅವಳ ಕಿವಿ ಯಾಕೆ ತೆರೆದಿರಬೇಕು? ಅಲ್ಲಿಗೆ ಗುಟ್ಟು ರಟ್ಟು. ಕಿವುಡನನ್ನು ನಂಬಿ ಮಗಳನ್ನು ರಸ್ತೆಗೆ ಬಿಡುವ ತಾಯಿ ಶಶಿಕಲಾ ಅಲ್ಲ. ಓಟ ನಿಲ್ಲುತ್ತದೆ, ಓಟ ನಿಂತರೆ ಪರೀಕ್ಷೆ, ಪರೀಕ್ಷೆ ಹೋದರೆ ರಾಣಿ ಹೊಲಿಗೆ ಮಿಷನ್ನುಗಳ ನಡುವೆಯೇ. ಇನ್ನೂ ಒಂದು ಕಾರಣವಿತ್ತು, ಅದನ್ನು ಅವನು ತನಗೂ ಹೇಳಿಕೊಳ್ಳಲಿಲ್ಲ, ನಾವು ಹೇಳೋಣ. ಎಲ್ಲವನ್ನೂ ತಾನೇ ಕೇಳಿಸಿಕೊಳ್ಳಬಲ್ಲ ಮಗಳ ಹಿಂದೆ ಅಪ್ಪನಿಗೇನು ಕೆಲಸ?

ನಿಂತಲ್ಲೇ ನಿಂತು ಯೋಚಿಸಿದ. ಎಷ್ಟು ಯೋಚಿಸಿದರೂ ಅವನಿಗೆ ಗೊತ್ತಿದ್ದ ಉಪಾಯ ಒಂದೇ.

“ಆ ಕಡ್ಲೆಬೀಜದಂತಾದ್ದೇ ಕೊಡು,” ಎಂದ. “ಅವು ಬ್ಯಾರೆ ಬ್ಯಾರೆ ಅವಲ್ಲ. ಒಂದು ಹಾಕ್ಕೊಂಡು ಒಂದು ಬುಟ್ರೆ ಆಯ್ತು.”

ಬಸ್ಸಿನಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಎಡಗಿವಿಯ ಪಕ್ಕ ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜಿದ. ಸರಸರ ಎಂದಿತು. ಬಲಗಿವಿಯ ಪಕ್ಕ ಉಜ್ಜಿದ. ಜೋರಾಗಿ ಉಜ್ಜಿದ. ಆಮೇಲೆ ಐದು ಬೆರಳನ್ನೂ ಒಟ್ಟುಗೂಡಿಸಿ ಉಜ್ಜಿದ. ಜೋಪಾನವಾಗಿ ಉಳಿಸಿಕೊಂಡ ಬೆರಳುಗಳು. ಅವುಗಳ ಸದ್ದು ಆ ಕಿವಿಗೆ ಕೇಳಿಸಲಿಲ್ಲ. ದಾಸಪ್ಪನವರ ಮೇಲೆ ಸಿಟ್ಟು ತರಿಸಿಕೊಳ್ಳಲು ನೋಡಿದ, ಬರಲಿಲ್ಲ. ಅವರಾದರೂ ಏನು ಮಾಡಿಯಾರು? ಕೈ ಹೋಗುವುದು ಎಲ್ಲರಿಗೂ ಕಾಣಿಸುತ್ತದೆ, ಕಿವಿ ಹೋಗುವುದು ಯಾರಿಗೂ ಕಾಣಿಸುವುದಿಲ್ಲ. ಅವನಿಗೆ ತುಂಬ ದಣಿವಾಗಿತ್ತು. ಸ್ಟಾಪು ಬಂದಾಗ ಕಂಡಕ್ಟರು ಎರಡು ಸಲ ಕೂಗಬೇಕಾಯಿತು.

ರಾಣಿ ಡಬ್ಬಿ ತೆರೆದು ಕುಣಿದಾಡಿದಳು. ಆಂಜಿನಪ್ಪ ಗಂಭೀರವಾಗಿ ನಿಯಮ ಹೇಳಿದ.

“ಎರಡೂ ಹಾಕ್ಕೋಬ್ಯಾಡ. ಒಂದೇ. ಎಡಕ್ಕೆ. ಒಂದು ಕಿವಿ ಪಾಠಕ್ಕೆ, ಒಂದು ಕಿವಿ ರೋಡಿಗೆ.”

ಹೇಳಿದ ಮೇಲೆ ಅವನಿಗೆ ತನ್ನ ಬಾಯಿಂದ ಬಂದದ್ದು ಯಾರ ಮಾತೆಂದು ತಿಳಿಯಿತು.  ಮಾತು ವಾಪಸ್ಸು ತೆಗೆದುಕೊಳ್ಳೋಣವೆಂದರೆ ಬೇರೆ ಮಾತು ಅವನ ಹತ್ತಿರ ಇರಲಿಲ್ಲ.

“ನೀವಿದ್ದೀರಲ್ಲ ಇಂದೆ, ಅವಳಿಗ್ಯಾಕೆ ರೋಡು?” ಎಂದಳು ಶಶಿಕಲಾ, ಅಂದುಕೊಂಡ ಹಾಗೆಯೇ.

“ಇರ್ಲಿ ಬಿಡಮ್ಮ, ಎರಡು ಹಾಕ್ಕೊಂಡ್ರೆ ತಲೆ ನೋಯುತ್ತೆ,” ಎಂದು ರಾಣಿಯೇ ದಾಟಿಸಿದಳು.

ಮಾರನೆಯ ಬೆಳಿಗ್ಗೆ ಮನೆಯ ಗೇಟಿನ ಹತ್ತಿರ ರಾಣಿ ಎಡದ ಬಡ್ಡನ್ನು ತನ್ನ ಎಡಗಿವಿಗೆ ಹಾಕಿಕೊಂಡಳು. ಬಲದ್ದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನೋಡಿ, “ಇದು ಸುಮ್ನೆ ಯಾಕೆ ಡಬ್ಬೀಲಿ ಬಿದ್ದಿರ್ಬೇಕು? ನೀನೂ ಪಾಠ ಕೇಳಪ್ಪ. ನಾಳೆ ನನಗೆ ಪ್ರಶ್ನೆ ಕೇಳೋಕಾದ್ರೂ ಆಗುತ್ತೆ,” ಎನ್ನುತ್ತ ಅಪ್ಪನ ಬಲಗಿವಿಗೆ ಒತ್ತಿಯೇಬಿಟ್ಟಳು. ಬಾಗಿಲಲ್ಲಿ ಶಶಿಕಲಾ ನಿಂತಿದ್ದಳು. ಆಂಜಿನಪ್ಪ ಬೇಡವೆನ್ನುವುದು ಹೇಗೆ?

“ಕೇಳಿಸ್ತಾ ಇದೆಯಾ?”

“ಊಂ ಊಂ,” ಎಂದ.

ಓಡಿದರು. ರಾಣಿ ಮುಂದೆ, ಅವನು ನಾಲ್ಕು ಹೆಜ್ಜೆ ಹಿಂದೆ. ಬಲಗಿವಿಯೊಳಗೆ ಬಡ್ಡು ಕಲ್ಲಿನ ಹಾಗೆ ಕೂತಿತ್ತು. ಈಗವನಿಗೆ ಕಿವಿಯ ಬದಲು ಕತ್ತಿನ ಕೆಲಸ. ಕೋಳಿಯ ಹಾಗೆ ಮತ್ತೆಮತ್ತೆ ಬಲಕ್ಕೆ ತಿರುಗಿ ಹಿಂದೆ ನೋಡುತ್ತ ಓಡಿದ. ನೋಡದೆ ಇದ್ದಾಗ ಹೆದರುತ್ತ ಓಡಿದ. ನಡುನಡುವೆ ರಾಣಿ ಹಿಂತಿರುಗಿದಾಗಲೆಲ್ಲ ಪಾಠ ಕೇಳುವವನ ಮುಖ ಮಾಡಿ ತಲೆಯಾಡಿಸಿದ. ರಾತ್ರಿಯ ಶಿಫ್ಟಿಗಿಂತ ಆ ಓಟ ಅವನನ್ನು ಹೆಚ್ಚು ಸುಸ್ತು ಮಾಡಿತು.

ಕೆರೆ ಏರಿ ಹತ್ತುವಾಗ ರಾಣಿ ಇದ್ದಕ್ಕಿದ್ದಂತೆ ನಿಂತು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗುತ್ತಲೇ ಅಪ್ಪನ ಕಡೆ ತಿರುಗಿದಳು. ಆದದ್ದೇನೆಂದರೆ, ಎಲೆ ಉದುರುವ ಕಾಡುಗಳ ಪಾಠದ ನಡುವೆ ಮೇಷ್ಟ್ರನ್ನು ತಳ್ಳಿ ಒಂದು ಜಾಹೀರಾತು ನುಗ್ಗಿತ್ತು. ಮಂಡಿನೋವಿನ ಎಣ್ಣೆಯದು. ಯಾರೋ ಮುದುಕ ‘ಅಯ್ಯಯ್ಯೋ ನನ್ ಮಂಡಿ, ಅಯ್ಯಯ್ಯೋ ನನ್ ಮಂಡಿ’ ಎಂದು ರಾಗವಾಗಿ ಗೋಳಾಡುತ್ತಿದ್ದ, ಏರಿ ಹತ್ತುವಾಗ ದಿನವೂ ಆಂಜಿನಪ್ಪ ಗೋಳಾಡುವಂತೆಯೇ. ಇಬ್ಬರ ಕಿವಿಯಲ್ಲೂ ಒಟ್ಟಿಗೇ ಕೂಗುತ್ತಿದ್ದಾನಲ್ಲ, ಅಪ್ಪನ ಮುಖ ಹೇಗಾಗಿರಬಹುದು ನೋಡೋಣವೆಂದು ಅವಳು ತಿರುಗಿದ್ದು.

ಅಪ್ಪ ಕಣ್ಣು ಕಿರಿದು ಮಾಡಿಕೊಂಡು, ದೇವಸ್ಥಾನದಲ್ಲಿ ಮಂತ್ರ ಕೇಳುವವನ ಹಾಗೆ ತಲೆ ತೂಗುತ್ತಿದ್ದ.

“ಕೇಳಿಸ್ತಾ ಅಪ್ಪಾ?” ಎಂದಳು ರಾಣಿ. ಅವಳಿನ್ನೂ ನಗುತ್ತಿದ್ದಳು.

“ಊಂ ಕಣವ್ವ,” ಎಂದ ಆಂಜಿನಪ್ಪ. “ಒಳ್ಳೆ ಮೇಷ್ಟ್ರು. ಚೆಂದಾಗಿ ಬಿಡಿಸಿ ಯೋಳ್ತಾರೆ.”

ಅವಳ ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು ಆಮೇಲೆ ಹೋಯಿತು. ಮೇಷ್ಟ್ರ ಯಾವುದೋ ಹಾಸ್ಯಕ್ಕೆ ತಾನು ನಗದೆ ಹೋದದ್ದಕ್ಕೆ ಬೇಸರವಾಯಿತೇನೋ ಎಂದುಕೊಂಡು ಆಂಜಿನಪ್ಪ ತಡವಾಗಿ ನಕ್ಕ. ಕಲ್ಲಿನ ಮೇಲೆ ಕೂತಾಗ ಅವಳು ಎಂದಿನಂತೆ ಎಡಕ್ಕೆ ಬರದೆ ಬಲಕ್ಕೆ ಬಂದು ಕೂತಳು. ಅವನು ಕೆರೆ ನೋಡುತ್ತಿದ್ದ. ಎಷ್ಟೋ ಹೊತ್ತಾದ ಮೇಲೆ ತಿರುಗಿ ನೋಡಿದರೆ ಅವಳು ಅವನನ್ನೇ ನೋಡುತ್ತಿದ್ದಳು. ಏನೋ ಹೇಳಿ, ಉತ್ತರಕ್ಕೆ ಕಾದು ಕೂತವಳ ಹಾಗಿತ್ತು. ಕಣ್ಣುಗಳು ಕೆಂಪಗಿದ್ದವು.

“ಏನವ್ವ?”

“ಏನಿಲ್ಲ. ಚಾರ್ಜ್ ಮುಗೀತು,” ಎಂದು ಅವನ ಕಿವಿಯಿಂದ ಬಡ್ಡನ್ನು ಮೆಲ್ಲಗೆ ತೆಗೆದು ಡಬ್ಬಿಗೆ ಹಾಕಿದಳು.

“ಔದಾ? ಇಷ್ಟೊತ್ತೂ ಚೆಂದಾಗಿ ಕೇಳಿಸ್ತಿತ್ತಲ್ಲ,” ಎಂದ ಆಂಜಿನಪ್ಪ.

ಮನೆಗೆ ಬಂದಾಗ ಶಶಿಕಲಾ ಬಾಗಿಲಲ್ಲೇ ಹಿಡಿದಳು. “ಎಂಗಿತ್ತು? ಇಂದೆ ಬರೋ ಗಾಡಿ ಗೀಡಿ ಗೊತ್ತಾಯ್ತಾ ನಿಮಗೆ?”

ಆಂಜಿನಪ್ಪ ಬಾಯಿ ತೆರೆದ. ಸುಳ್ಳನ್ನು ಜೋಡಿಸಿಕೊಳ್ಳಲು ಅವನಿಗೆ ಹೊತ್ತು ಬೇಕಿತ್ತು. ಅಷ್ಟರಲ್ಲಿ ಶೂ ಬಿಚ್ಚುತ್ತ ಕೂತಿದ್ದ ರಾಣಿ, ತಲೆಯೆತ್ತದೆ, “ಅಪ್ಪನಿಗೆ ಎಲ್ಲಾ ಕೇಳಿಸುತ್ತಮ್ಮ,” ಎಂದಳು.

ಅವನು ಮಗಳ ಬಗ್ಗಿದ ಬೆನ್ನನ್ನೇ ನೋಡಿದ. ಅವಳಿಗೆ ಗೊತ್ತಾಗಿದೆ ಎಂಬುದು ಆಗ ಅವನಿಗೆ ತಿಳಿಯಿತು.  ಮಗಳು ತನಗಾಗಿ ತಾಯಿಗೆ ಸುಳ್ಳು ಹೇಳುವಂತಾಯಿತಲ್ಲ ಎಂದು ಅವನಿಗೆ ದುಃಖವಾಯಿತು. ಅವತ್ತು ಶಿಫ್ಟಿನಲ್ಲಿ, ಸೇಫ್ಟಿ ಆಫೀಸರು ಬಂದು ಹೋದ ಮೇಲೂ, ಅವನು ಬಲಗಿವಿಯ ಬಿರಡೆ ತೆಗೆಯಲಿಲ್ಲ. ಎಡಗಿವಿಯದನ್ನು ತೆಗೆಯಬೇಕೆಂದು ಕೈ ಹೋಯಿತು. ಆ ಕಿವಿಯನ್ನು ಮಿಷನ್ನಿಗೆ ಕೊಡಲು ಮನಸ್ಸು ಬರಲಿಲ್ಲ. ಒಂದೊಂದು ಸಲವೂ ಪೆಡಲಿನಿಂದ ಕಾಲು ತೆಗೆದು, ಅಚ್ಚಿನ ಕಡೆ ಕಣ್ಣು ನೆಟ್ಟು, ಆಮೇಲೆ ಕೈ ಹಾಕಿದ. ಕೆಲಸ ಹಿಂದೆ ಬಿತ್ತು, ಬೈಗುಳ ಬಿತ್ತು.

ಮಾರನೆಯ ದಿನ ಗೇಟು ದಾಟಿ ತಿರುವಿನಲ್ಲಿ ಮನೆ ಮರೆಯಾದ ಕೂಡಲೇ ರಾಣಿ ನಿಧಾನ ಮಾಡಿದಳು. ಎಡಗಿವಿಯಲ್ಲಿ ಬಡ್ಡಿತ್ತು. ಅಪ್ಪ ಹತ್ತಿರ ಬಂದ ಮೇಲೆ, ಮುಂದೆ ಹೋಗದೆ, ಅವನ ಬಲಗಡೆಗೆ ಬಂದು ಜೊತೆಯಲ್ಲಿ ಓಡತೊಡಗಿದಳು.

“ಆ ಕಡೆ ರೋಡು ಕಣೇ. ಗಾಡಿ ಬತ್ತವೆ. ಎಡಕ್ಕೆ ಬಾ,” ಎಂದ ಆಂಜಿನಪ್ಪ.

ಅವಳು ಏನೋ ಹೇಳಿದಳು. ಕೇಳಿಸಲಿಲ್ಲ. ಮುಂದೆ ಬಗ್ಗಿ, ಅವನ ಮುಖಕ್ಕೆ ಮುಖ ಕೊಟ್ಟು, ಮತ್ತೊಮ್ಮೆ ಹೇಳಿದಳು. “ಈ ಕಡೆ ನಾನಿರ್ತೀನಪ್ಪ.”

ಅವನಿಗೆ ಗದರಬೇಕೆನಿಸಿತು. ಅಪ್ಪನಾದವನು ಮಗಳನ್ನು ರಸ್ತೆಯ ಕಡೆಗೆ ಬಿಟ್ಟು ಓಡುವುದುಂಟೇ? ಉಸಿರು ಕೂಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವಳು ಅವನ ಮೊಣಕೈ ಹಿಡಿದು ಎಡಕ್ಕೆ ಎಳೆದಳು. ಇಬ್ಬರೂ ಚರಂಡಿಯ ಚಪ್ಪಡಿಯ ಮೇಲೆ ಹತ್ತಿ ನಿಂತರು. ಹಾಲಿನ ವ್ಯಾನು, ಅದೇ ವ್ಯಾನು, ಕ್ರೇಟುಗಳನ್ನು ಅಲುಗಿಸುತ್ತ ಪಕ್ಕದಲ್ಲಿ ಹಾದುಹೋಯಿತು. ಅದು ತಿರುವು ದಾಟುವವರೆಗೆ ಆಂಜಿನಪ್ಪ ನೋಡುತ್ತಲೇ ಇದ್ದ.

“ಆರ್ನ್ ಹೊಡೆದ್ನೇನವ್ವ ಅವನು?”

ರಾಣಿ ಅವನ ಎದುರಿಗೆ ಬಂದಳು. “ಹೊಡೆದ ಅಪ್ಪಾ. ಸ್ಟೇಷನ್ ಹತ್ರದಿಂದ್ಲೇ ಹೊಡ್ಕೊಂಡು ಬಂದ.”

“ಅವತ್ತೂ?”

“ಅವತ್ತೂ.”

ಆಂಜಿನಪ್ಪ ಚಪ್ಪಡಿಯಿಂದ ಇಳಿದು, ಎಡಕ್ಕೆ ಸರಿದು, ರಸ್ತೆಯ ಕಡೆಯನ್ನು ಮಗಳಿಗೆ ಬಿಟ್ಟುಕೊಟ್ಟು ಓಡಿದ.